ಮಳೆಗಾಲದಲ್ಲಿ ನಲಿ-ಕಲಿ ಕಾರ್ಡುಗಳಿಗೆ ಬೂಷ್ಟು, ಚಿಪ್ಪಿನ ಡಬ್ಬಿಯಲ್ಲಿ ನೀರು: ಏನು ಮಾಡಲಿ?

ಪ್ರಶ್ನೆ: ಶಿಕ್ಷಕಿ, ಕಾರವಾರ ತಾಲ್ಲೂಕು

ನಮ್ಮದು ನಲಿ-ಕಲಿ ತರಗತಿ: ಒಂದರಿಂದ ಮೂರನೆಯ ತರಗತಿಯ 24 ಮಕ್ಕಳು ಒಂದೇ ಕೋಣೆಯಲ್ಲಿ, ಚಟುವಟಿಕೆಯ ಕಾರ್ಡುಗಳ ಮೂಲಕ ತಂತಮ್ಮ ವೇಗದಲ್ಲಿ ಕಲಿಯುತ್ತಾರೆ. ಜೂನ್ ಮುಗಿಯುವಷ್ಟರಲ್ಲಿ ಕಾರ್ಡುಗಳ ಅಂಚು ಬೂಷ್ಟು ಹಿಡಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದವೂ ಉಳಿಯಲಿಲ್ಲ. ಎಣಿಕೆಗೆಂದು ಮಕ್ಕಳು ಕಡಲತೀರದಿಂದ ಆಯ್ದು ತಂದ ಚಿಪ್ಪುಗಳಿಗೆ ಮುಚ್ಚಳ ಹಾಕಿಟ್ಟರೂ ಡಬ್ಬಿಯ ತಳದಲ್ಲಿ ನೀರು. ಸಾಲದೆಂಬಂತೆ ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳಲ್ಲಿ ಜೋಡಿಸಿಟ್ಟ ಕಾರ್ಡುಗಳೆಲ್ಲ ಕಲಸಿಹೋಗಿರುತ್ತವೆ. ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿಯ ಪಟದಲ್ಲಿ ತನ್ನ ಮೆಟ್ಟಿಲು ನೋಡಿಕೊಂಡು ಉತ್ಸಾಹದಿಂದ ಬಂದ ಮಗು ಕಾರ್ಡು ಸಿಗದೆ ಸಪ್ಪೆ ಮುಖ ಮಾಡಿಕೊಂಡು ನಿಂತಾಗ ಕರುಳು ಚುರುಕ್ ಎನ್ನುತ್ತದೆ.

ಉತ್ತರ: ನಿವೃತ್ತ ಶಿಕ್ಷಕ, ಕುಮಟಾ

ಚಿಪ್ಪುಗಳನ್ನು ಸಿಹಿನೀರಿನಲ್ಲಿ ತೊಳೆದಿದ್ದೀರಾ? ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಹೀರಿಕೊಂಡು ನೀರಾಗುತ್ತದೆ. ಮೂರು ದಿನ ನೆನೆಸಿಡಿ, ದಿನವೂ ನೀರು ಬದಲಿಸಿ, ಬಿಸಿಲು ಬಿದ್ದ ದಿನ ಒಣಗಿಸಿ.

ಲ್ಯಾಮಿನೇಷನ್ ಕೆಡುವುದಕ್ಕೆ ಹೆಚ್ಚಾಗಿ ಕತ್ತರಿಯೇ ಕಾರಣ. ಕಾಗದದ ಅಂಚಿಗೆ ಸರಿಯಾಗಿ ಕತ್ತರಿಸಿದರೆ ತೇವ ಅಲ್ಲಿಂದಲೇ ಒಳನುಗ್ಗುತ್ತದೆ. ಸುತ್ತಲೂ 4 ಮಿಲಿಮೀಟರ್ ಪ್ಲಾಸ್ಟಿಕ್ ಉಳಿಯುವಂತೆ ಕತ್ತರಿಸಿ. ಆ ಕೆಲಸವನ್ನು ಏಪ್ರಿಲ್‌ನಲ್ಲೇ, ಕಾಗದ ಗರಿಗರಿಯಾಗಿರುವಾಗಲೇ ಮುಗಿಸಿ. ಜುಲೈಯಲ್ಲಿ ಮಾಡಿಸಿದರೆ ತೇವವನ್ನು ಒಳಗೇ ಕೂಡಿಹಾಕಿದಂತೆ. ಕಪಾಟು ಪಡುವಣ ಗೋಡೆಗೆ ತಾಗಿಕೊಂಡಿದೆಯೇ? ಗೋಡೆಯ ಚಿರೇಕಲ್ಲು (ಜಂಬಿಟ್ಟಿಗೆ) ಮಳೆನೀರು ಕುಡಿಯುತ್ತದೆ. ಒಂದು ಗೇಣು ಈಚೆಗೆ ಎಳೆಯಿರಿ.

ಉತ್ತರ: ಶಿಕ್ಷಕಿ, ಶಿರಸಿ

ಕಾರ್ಡುಗಳು ಕಲಸುವುದರ ಬಗ್ಗೆ ಹೇಳುತ್ತೇನೆ. ನಾನು ಮೊದಲು ತರಗತಿವಾರು ಜೋಡಿಸಿದ್ದೆ. ಅದು ನನಗೆ ಅನುಕೂಲವಾಗಿತ್ತು, ಮಕ್ಕಳಿಗಲ್ಲ. ಇನ್ನೂ ಓದಲು ಬಾರದ ಮಗು ಹುಡುಕುವುದು ಲೋಗೋವನ್ನು, ಅಂದರೆ ಕಾರ್ಡಿನ ಮೇಲಿನ ಗುರುತಿನ ಚಿತ್ರವನ್ನು. ಏಣಿಯಲ್ಲಿರುವ ಅದೇ ಲೋಗೋವನ್ನು ದೊಡ್ಡದಾಗಿ ಬಿಡಿಸಿ ತಟ್ಟೆಗೂ, ತಟ್ಟೆ ಇಡುವ ಜಾಗಕ್ಕೂ ಅಂಟಿಸಿ. ತಟ್ಟೆ ಮಗುವಿನ ಎದೆಯ ಎತ್ತರಕ್ಕಿಂತ ಮೇಲಿರಬಾರದು. ಒಂದು ಖಾಲಿ ತಟ್ಟೆಯನ್ನೂ ಇಡಿ: ಜಾಗ ಗೊತ್ತಾಗದ ಕಾರ್ಡು ಅದಕ್ಕೆ ಬೀಳಲಿ. ಸಂಜೆ ಇಬ್ಬರು ಮಕ್ಕಳು ಅದನ್ನು ವಿಂಗಡಿಸಿದರೆ ಅದೂ ಕಲಿಕೆಯೇ.

ಅಡಿಕೆ ಹಾಳೆಯ ತಟ್ಟೆಗಳು ನನಗೆ ಬಹಳ ಇಷ್ಟ, ಆದರೆ ಮಳೆಗಾಲಕ್ಕೆ ಅವು ಬೇಡ. ತೂತಿರುವ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ ಗಾಳಿಯಾಡುತ್ತದೆ.

ಎಣಿಕೆಯ ಬೀಜಗಳಲ್ಲಿ ಗುಲಗಂಜಿ ಇದ್ದರೆ ಇಂದೇ ತೆಗೆದುಬಿಡಿ. ಅಗಿದು ನುಂಗಿದರೆ ಅದು ಪ್ರಾಣಕ್ಕೇ ಎರವಾಗಬಹುದಾದ ವಿಷ. ಹುಣಸೆ ಬೀಜವನ್ನು ತುಸು ಹುರಿದು ಬಳಸಿ, ಹುಳ ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಗುಲಗಂಜಿ ನಿಜಕ್ಕೂ ಇತ್ತು! ಓದಿದೊಡನೆ ಎದೆ ಝಲ್ಲೆಂದಿತು, ಮರುದಿನ ಬೆಳಗಿನ ಪ್ರಾರ್ಥನೆಗೂ ಮೊದಲೇ ತೆಗೆದೆ. ಚಿಪ್ಪಿನ ಡಬ್ಬಿ ಈಗ ಒಣಗಿದೆ. ಹಳೆಯ ಕಾರ್ಡುಗಳಲ್ಲಿ ಹನ್ನೊಂದನ್ನು ಉಳಿಸಲಾಗಲಿಲ್ಲ, ಕೈಯಲ್ಲೇ ಬರೆದು ಹೊಸದು ಮಾಡಿದೆ. ಖಾಲಿ ತಟ್ಟೆಗೆ ಮೊದಲ ದಿನ ಮೂವತ್ತು ಕಾರ್ಡು ಬಿದ್ದಿದ್ದವು, ನಿನ್ನೆ ನಾಲ್ಕು.