ಆಫ್ರಿಕನ್ ಹಂದಿ ಜ್ವರ: ಟೈಪ್ ನಂಬರ್ ನೋಡಿ ಉಗ್ರತೆ ಹೇಳಬಹುದೇ?

ಪ್ರಶ್ನೆ (ಅಂಕೋಲಾ): ಡಾಕ್ಟ್ರೇ, ಆಫ್ರಿಕನ್ ಹಂದಿ ಜ್ವರದಲ್ಲಿ ಟೈಪ್ 1 ಬಂದ್ರೆ ಹಂದಿ ಉಳೀತದೆ, ಟೈಪ್ 2 ಆದ್ರೆ ಇಲ್ಲ ಅಂತಾರೆ, ಹೌದಾ? ಹಂದಿಜ್ವರದ ಲಸಿಕೆ ಹಾಕಿಸಿದ್ದೇವೆ, ಸಾಲದೇ?

ಉತ್ತರ (ಪಶುವೈದ್ಯರು, ಶಿರಸಿ): ಸಾಲದು. ನೀವು ಹಾಕಿಸಿದ್ದು ಕ್ಲಾಸಿಕಲ್ ಹಂದಿಜ್ವರದ್ದು. ಅದು ಪುಟ್ಟ ಆರ್‌ಎನ್‌ಎ ವೈರಸ್, ಇದು ದೊಡ್ಡ ಡಿಎನ್‌ಎ ವೈರಸ್. ಲಕ್ಷಣ ಒಂದೇ ಥರ, ಸಂಬಂಧ ಏನೂ ಇಲ್ಲ.

ಟೈಪ್ ನಂಬರ್ ಕೊಡುವುದು ಪಿ72 ಎಂಬ ಒಂದೇ ಪ್ರೋಟೀನಿನ ಜೀನ್ ನೋಡಿ. ವೈರಸ್ಸಿನ ಮನೆತನ ತಿಳಿಯಲು ಅದು ಸಾಕು, ಉಗ್ರತೆಗಲ್ಲ. ಹಂದಿಯ ಇಂಟರ್‌ಫೆರಾನ್ ರಕ್ಷಣೆಯನ್ನು (ವೈರಸ್ ಬಂದಾಗ ದೇಹ ಎಬ್ಬಿಸುವ ಮೊದಲ ತಡೆ) ಅಡಗಿಸುವ, ವೈರಸ್ಸಿನದೇ ಎಂಜಿಎಫ್ 360, 505 ಗುಂಪಿನ ಜೀನುಗಳು ಕಳಚಿಹೋದರೆ ಟೈಪ್ 2 ಕೂಡ ಮೆತ್ತಗಾಗುತ್ತದೆ. ಚೀನಾದಲ್ಲಿ ಉಲ್ಟಾ ಆಗಿದೆ: 1 ಮತ್ತು 2 ಬೆರೆತ ತಳಿಗಳು 2023ರಲ್ಲಿ ವರದಿಯಾದವು, ಪಿ72 ಪ್ರಕಾರ ಟೈಪ್ 1, ಕೊಲ್ಲುವುದು ಮಾತ್ರ ಟೈಪ್ 2ರ ಹಾಗೆ.

ನಮ್ಮ ದೇಶಕ್ಕೆ 2020ರಲ್ಲಿ ಅಸ್ಸಾಂ, ಅರುಣಾಚಲದ ಕಡೆ ಬಂದದ್ದು ಉಗ್ರವಾದ ಟೈಪ್ 2. 2022ರ ಜುಲೈಗೆ ವಯನಾಡು ಮುಟ್ಟಿತು. 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಜ್ವರ, ಕಿವಿ-ಹೊಟ್ಟೆ ಕೆಂಪು ನೀಲಿ, ಒಂದೆರಡು ವಾರದಲ್ಲಿ ಸಾವು.

ಮೋಸ ಹೋಗುವುದು ಇಲ್ಲಿ: ಕೊಲ್ಲುವುದರಲ್ಲಿ ಇಷ್ಟು ಜೋರಿದ್ದರೂ ಹರಡುವುದು ಮೊದಮೊದಲು ನಿಧಾನ. ಒಂದು ಗೂಡಿನಲ್ಲಿ ಎರಡು ಸಾಯುತ್ತವೆ, ಪಕ್ಕದ ಗೂಡು ನಾಲ್ಕಾರು ದಿನ ಚೆನ್ನಾಗೇ ಇರುತ್ತದೆ. ‘ಸೋಂಕಲ್ಲ ಬಿಡಿ’ ಅಂತ ಉಳಿದದ್ದನ್ನು ಮಾರಿದರೆ ಆ ಗಾಡಿಯಲ್ಲೇ ರೋಗ ಇನ್ನೊಂದು ಊರಿಗೆ ಹೋಗುತ್ತದೆ.

ಪ್ರಶ್ನೆ (ಕಾರವಾರ): ಹೋಟೆಲ್ ಮುಸುರೆ ಕುದಿಸಿ ಹಾಕಿದ್ರೆ ಆಯ್ತಲ್ಲ? ಸತ್ತದ್ದನ್ನು ಕೊಯ್ದು ನೋಡಬಹುದಾ?

ಉತ್ತರ: ಮುಸುರೆ ಹಾಕದಿರುವುದೇ ಒಳ್ಳೆಯದು. ಹಾಕಲೇಬೇಕೆಂದರೆ 90 ಡಿಗ್ರಿಯಲ್ಲಿ ಒಂದು ಗಂಟೆ, ಸೌಟು ನಿಲ್ಲಿಸದೆ ತಿರುವುತ್ತ. ಒಂದು ಕುದಿ ಬಂತೆಂದು ಇಳಿಸಿದರೆ ಮೂಳೆಗೆ ಹತ್ತಿದ ಮಾಂಸದ ಒಳಗೆ ಕಾವು ಇಳಿದಿರುವುದಿಲ್ಲ. ಹಸಿ ಮುಸುರೆಯ ಬಕೆಟ್ ಬೇಯಿಸಿದ್ದಕ್ಕೆ ಬೇಡ.

ಕೊಯ್ಯಲೇಬೇಡಿ ಮಾರಾಯ್ರೆ! ರಕ್ತದ ತುಂಬ ವೈರಸ್ಸೇ ಇರುತ್ತದೆ. ಜ್ವರ ಇರುವ ಹಂದಿಯ ರಕ್ತವನ್ನು ಪಶು ಆಸ್ಪತ್ರೆಯವರು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ (ರಕ್ತ ಹೆಪ್ಪುಗಟ್ಟದಂಥದ್ದು) ತೆಗೆದು ಐಸಿನಲ್ಲಿಟ್ಟು, ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆ. ಒಂದೊಂದು ಹಂದಿಗೂ ಬೇರೆ ಸೂಜಿ.

ಗೂಡಿನ ನೆಲದಲ್ಲಿರುವ ವೈರಸ್ ಕೊಲ್ಲಲು 10 ಲೀಟರ್ ನೀರಿಗೆ 200 ಗ್ರಾಂ ಕಾಸ್ಟಿಕ್ ಸೋಡಾ. ಸೋಡಾವನ್ನು ನೀರಿಗೆ ಹಾಕಿ, ನೀರನ್ನು ಸೋಡಾದ ಮೇಲೆ ಸುರಿಯಬೇಡಿ, ಸಿಡಿಯುತ್ತದೆ. ಕೈಗವಸು, ಕನ್ನಡಕ ಇರಲಿ. ಮೊದಲು ಸೋಪು ಹಾಕಿ ಸಗಣಿ ಉಜ್ಜಿ ತೆಗೆಯಿರಿ, ಗಲೀಜಿನ ಮೇಲೆ ಹೊಯ್ದರೆ ಔಷಧ ವ್ಯರ್ಥ. ಹೊಯ್ದ ಮೇಲೆ ಅರ್ಧ ಗಂಟೆ ಹಾಗೇ ಬಿಡಿ, ಆಮೇಲೆ ತೊಳೆಯಿರಿ.