ರಾತ್ರಿಯಿಡೀ 12 ಗಂಟೆ ಟ್ರ್ಯಾಕ್ ಓಟ: ಮೊದಲ ಸಲದವರಿಗೆ ಏನು ಹೇಳುತ್ತೀರಿ?

ಕೇಳಿದ್ದು

ಬೆಂಗಳೂರಿನಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ 400 ಮೀಟರ್ ಟ್ರ್ಯಾಕ್ ಮೇಲೆ ನಡೆಯುವ 12 ಗಂಟೆಯ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ವಯಸ್ಸು 41, ತೂಕ 68 ಕೆ.ಜಿ., ಮ್ಯಾರಥಾನ್ 4 ಗಂಟೆ 40 ನಿಮಿಷ. ಈಗ ವಾರಕ್ಕೆ 45 ಕಿ.ಮೀ. ಓಡುತ್ತಿದ್ದೇನೆ, ಕೈಯಲ್ಲಿ 16 ವಾರ ಇದೆ. 80 ಕಿ.ಮೀ. ಮುಟ್ಟಬೇಕು ಅಂತ ಆಸೆ. ಸಸ್ಯಾಹಾರಿ. ತರಬೇತಿ, ಊಟ, ನಿದ್ದೆ, ಕಾಲಿನ ಕಾಳಜಿ ಬಗ್ಗೆ ಬಲ್ಲವರು ಹೇಳಿ. ಜೊತೆಗೆ ತಮ್ಮ ಬರುತ್ತಾನೆ, ಅವನಿಗೆ ಏನು ಕೆಲಸ ಒಪ್ಪಿಸಲಿ?

ಮೈಸೂರಿನಿಂದ

ಸರ್, ಮೊದಲು ಲೆಕ್ಕ. 80 ಕಿ.ಮೀ. ಅಂದರೆ 200 ಸುತ್ತು, ಸರಾಸರಿ ಕಿ.ಮೀ.ಗೆ 9 ನಿಮಿಷ, ಸುತ್ತಿಗೆ 3 ನಿಮಿಷ 36 ಸೆಕೆಂಡು. ನಿಮ್ಮ ಮ್ಯಾರಥಾನ್ ವೇಗ ಕಿ.ಮೀ.ಗೆ 6 ನಿಮಿಷ 38 ಸೆಕೆಂಡು. ಹಾಗಾಗಿ ವೇಗ ನಿಮ್ಮ ಸಮಸ್ಯೆಯೇ ಅಲ್ಲ. ತಿನಿಸಿನ ಮೇಜಿನ ಹತ್ತಿರ ನಿಂತು ಕಳೆಯುವ ಸಮಯವೇ ಸಮಸ್ಯೆ.

ನಾಲ್ಕು ಸುತ್ತು ಓಡಿ, ಒಂದು ಸುತ್ತು ನಡೆಯಿರಿ. ಓಡುವ ಸುತ್ತಿಗೆ 3 ನಿಮಿಷ, ನಡೆಯುವ ಸುತ್ತಿಗೆ 4 ನಿಮಿಷ 20 ಸೆಕೆಂಡು ಹಿಡಿದರೆ 2 ಕಿ.ಮೀ.ಗೆ ಸುಮಾರು 16 ನಿಮಿಷ 20 ಸೆಕೆಂಡು. ಒಂದು ಕ್ಷಣವೂ ನಿಲ್ಲದಿದ್ದರೆ ಕಾಗದದ ಮೇಲೆ 88 ಕಿ.ಮೀ. ಬರುತ್ತದೆ. ಇಡೀ ರಾತ್ರಿಯಲ್ಲಿ 50 ನಿಮಿಷ ನಿಂತರೆ 82ಕ್ಕೆ ಇಳಿಯುತ್ತದೆ. ಅದರ ಮೇಲೆ ಕೊನೆಯ ಮೂರು ಗಂಟೆ ಬರೀ ನಡಿಗೆಯಾದರೆ 75 ಕೂಡ ಕಷ್ಟ. ನಡಿಗೆಯ ಸುತ್ತನ್ನು ಮೊದಲ ಗಂಟೆಯಿಂದಲೇ ಹಾಕಿ. ಸಂಜೆಯ ಹುರುಪಿನಲ್ಲಿ ಅದನ್ನು ಬಿಟ್ಟವರು ರಾತ್ರಿ 1 ಗಂಟೆಗೆ ಬಡ್ಡಿ ಸಮೇತ ಕಟ್ಟುತ್ತಾರೆ.

ಒಳಗಿನ ಮೊದಲ ಲೇನ್ ಮಾತ್ರ 400 ಮೀಟರ್. ಎರಡನೆಯದರಲ್ಲಿ ಸುತ್ತಿಗೆ ಸುಮಾರು 7.7 ಮೀಟರ್ ಹೆಚ್ಚು. 200 ಸುತ್ತೂ ಅಲ್ಲೇ ಓಡಿದರೆ ಒಂದೂವರೆ ಕಿ.ಮೀ. ಲೆಕ್ಕಕ್ಕೇ ಸೇರುವುದಿಲ್ಲ. ಆದರೂ ನಡೆಯುವಾಗ ಹೊರಗಿನ ಲೇನಿಗೆ ಸರಿಯುವುದೇ ಮರ್ಯಾದೆ, ಹಿಂದಿನಿಂದ ವೇಗವಾಗಿ ಬರುವವರು ಇರುತ್ತಾರೆ. ಕೈಗಡಿಯಾರದ ಜಿಪಿಎಸ್ ಟ್ರ್ಯಾಕ್ ಮೇಲೆ ದೂರವನ್ನು ಸಾಮಾನ್ಯವಾಗಿ ಹೆಚ್ಚಿಗೆ ತೋರಿಸುತ್ತದೆ. ಆಯೋಜಕರು ಕೊಡುವ ಚಿಪ್ ಎಣಿಸಿದ ಸುತ್ತನ್ನಷ್ಟೇ ನಂಬಿ. ನಿಮ್ಮ ತಮ್ಮ ಗಂಟೆಗೊಮ್ಮೆ ಅದನ್ನು ಪರದೆ ಮೇಲೆ ನೋಡಿ ಬರೆದಿಟ್ಟರೆ ಸಾಕು.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2022ರ ಜುಲೈನಲ್ಲಿ ನಡೆದ ಏಷ್ಯಾ-ಓಷಿಯಾನಿಯಾ 24 ಗಂಟೆ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಅಮರ್ ಸಿಂಗ್ ದೇವಂದಾ 257 ಕಿ.ಮೀ. ದಾಟಿದರು. ಸರಾಸರಿ ತೆಗೆದರೆ ಕಿ.ಮೀ.ಗೆ ಸುಮಾರು 5 ನಿಮಿಷ 35 ಸೆಕೆಂಡು. ಕೇಳುವುದಕ್ಕೆ ಅಸಾಧ್ಯ ಅನ್ನಿಸುವ ವೇಗ ಅಲ್ಲ. 24 ಗಂಟೆ ಬಿಡದೆ ಹಿಡಿದದ್ದು ದೊಡ್ಡದು.

ಹುಬ್ಬಳ್ಳಿಯಿಂದ

16 ವಾರ ಸಾಕ್ರಿ. ಆದ್ರ 45 ಇದ್ದದ್ದನ್ನ ಒಮ್ಮೆಲೆ 80ಕ್ಕ ಏರಸಬ್ಯಾಡ್ರಿ. ವಾರಕ್ಕ 4-5 ಕಿ.ಮೀ. ಹೆಚ್ಚು ಮಾಡ್ರಿ. 4, 8 ಮತ್ತು 11ನೇ ವಾರ ಮೂರನೇ ಒಂದು ಭಾಗ ಇಳಸ್ರಿ. 12ನೇ ವಾರ ಎಲ್ಲಕ್ಕಿಂತ ದೊಡ್ಡದು, 80-85 ಕಿ.ಮೀ. ಆಮ್ಯಾಲೆ ಇಳಿಕೆನ.

ವಾರದ ನಕ್ಷೆ ಹಿಂಗ ಇರಲಿ: ಸೋಮವಾರ, ಶುಕ್ರವಾರ ರಜಾ. ಮಂಗಳವಾರ 9, ಬುಧವಾರ 6 ಮತ್ತು ವ್ಯಾಯಾಮ, ಗುರುವಾರ 11. ಶನಿವಾರ 25ರಿಂದ 32, ರವಿವಾರ 15ರಿಂದ 20. ಶನಿವಾರ ದಣಿದ ಕಾಲಿನ ಮ್ಯಾಲೆ ರವಿವಾರ ಓಡೋದ ಇದರ ಜೀವಾಳ. ಒಂದ ದಿನಕ್ಕ 50 ಓಡಿದ್ರ ಚೇತರಿಸಿಕೊಳ್ಳಾಕ ಹತ್ತು ದಿನ ಬೇಕು. ಎರಡು ದಿನಕ್ಕ ಹಂಚಿದ್ರ ಬುಧವಾರಕ್ಕ ಕಾಲು ತಯಾರ. 12ನೇ ವಾರ ಒಂದ ಸಲ ಮಾತ್ರ ಆರರಿಂದ ಆರೂವರೆ ತಾಸು ಓಡ್ರಿ, ಅದೂ ರೇಸಿನ ದಿನ ಹಾಕೋ ಬೂಟು, ಕಾಲುಚೀಲ, ತಿನಿಸು ಎಲ್ಲಾ ಅದ ಇರಬೇಕು.

ವೇಗದ ಓಟ ಬ್ಯಾಡ. ಅದರ ಬದಲಿ ನಡಿಗಿ ಕಲೀರಿ. ಕಿ.ಮೀ.ಗೆ 10 ನಿಮಿಷ 30 ಸೆಕೆಂಡಿನೊಳಗ ನಡ್ಯಾಕ ಬಂದ್ರ ಬೆಳಗಿನ ಜಾವ ಅದು ಬಂಗಾರ. ವಾರಕ್ಕ ಒಮ್ಮೆ 45 ನಿಮಿಷ ಬರೇ ಬಿರುಸು ನಡಿಗಿ. ದೊಡ್ಡ ದೊಡ್ಡ ಹೆಜ್ಜಿ ಹಾಕಬ್ಯಾಡ್ರಿ, ಹೆಜ್ಜಿ ಸಣ್ಣದಿರಲಿ, ಕೈ ಜೋರಾಗಿ ಬೀಸ್ರಿ.

ರಾತ್ರಿ ಅಭ್ಯಾಸ ಎರಡು ಸಲ ಸಾಕು, ರಾತ್ರಿ 9ರಿಂದ 2ರತನಕ. ನಿದ್ದಿ ಗೆಲ್ಲೋದ ಕಲಿಯಾಕಲ್ಲ. ರಾತ್ರಿ ಊಟದ ಹೊತ್ತು ದಾಟಿದ ಮ್ಯಾಲೆ ಹೊಟ್ಟಿ ಏನ ಕೇಳತೈತಿ, ಏನ ಒಲ್ಲೆ ಅಂತೈತಿ ಅಂತ ನೋಡಾಕ. ವಾರಾ ವಾರಾ ನಿದ್ದಿಗೆಟ್ಟು ಓಡೋದು ಮೂರ್ಖತನ, ಚೇತರಿಕಿನ ಹಾಳಾಗತೈತಿ. ಹೆದ್ದಾರಿ ಬ್ಯಾಡ, ಲೇಔಟಿನೊಳಗಿನ ಒಂದು ಕಿ.ಮೀ. ಸುತ್ತು ಹಿಡೀರಿ. ಮಿಂಚೋ ಪಟ್ಟಿ ಇರೋ ಜಾಕೀಟು, ಕೈಯಾಗ ಒಂದು ಟಾರ್ಚು. ನಾಯಿ ಬೆನ್ನು ಹತ್ತಿದ್ರ ನಿಂತ್ಕೊಂಡು ನಡೀರಿ, ಓಡಬ್ಯಾಡ್ರಿ.

ವ್ಯಾಯಾಮಕ್ಕ ಮೆಟ್ಟಲ ಅಂಚಿನ ಮ್ಯಾಲೆ ಹಿಮ್ಮಡಿ ಎತ್ತಿ ನಿಧಾನ ಇಳಸೋದು 15 ಸಲದಂಗ ಮೂರು ಸರ್ತಿ, ಒಂದು ಕಾಲ ಮ್ಯಾಲೆ ಮೆಟ್ಟಲ ಇಳಿಯೋದು 10ರಂಗ ಮೂರು ಸರ್ತಿ. ಅಷ್ಟ.

ಶಿವಮೊಗ್ಗದಿಂದ

ಹೊಟ್ಟೆ ಬಗ್ಗೆ. ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, 400ರಿಂದ 600 ಮಿ.ಲೀ. ದ್ರವ, 300ರಿಂದ 600 ಮಿ.ಗ್ರಾಂ ಸೋಡಿಯಂ. ರಾತ್ರಿ ತಂಪಾದಂತೆ ದ್ರವ ಕೆಳಗಿನ ಅಂಕಿಗೆ ಬರಲಿ. ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಬರೀ ನೀರನ್ನು ಒತ್ತಾಯದಿಂದ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಉಂಗುರ ಬಿಗಿಯಾಗುವುದು, ತಲೆನೋವು, ವಾಕರಿಕೆ, ಮಾತು ತಡವರಿಸುವುದು ಅದರ ಗುರುತು. ಅದನ್ನು ನಿರ್ಜಲೀಕರಣ ಅಂತ ತಿಳಿದು ಇನ್ನಷ್ಟು ನೀರು ಕುಡಿಸಿದರೆ ಜೀವಕ್ಕೇ ಅಪಾಯ.

ಓಆರ್‌ಎಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಒಂದು ಲೀಟರಿನ ಪೊಟ್ಟಣದಲ್ಲಿ ಸಕ್ಕರೆ ಅಂಶ ಇರುವುದು 13.5 ಗ್ರಾಂ ಮಾತ್ರ. ಅದು ಉಪ್ಪು ಕೊಡುತ್ತದೆ, ಓಡಲು ಶಕ್ತಿ ಕೊಡುವುದಿಲ್ಲ. ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಿ. ಅರ್ಧ ಲೀಟರಿಗೆ ಸುರಿದರೆ ದಾಹ ಹೆಚ್ಚಿ ಹೊಟ್ಟೆ ತೊಳಸುತ್ತದೆ.

ಎರಡು ದಿನ ಮೊದಲಿನಿಂದ ಮುದ್ದೆ, ಸೊಪ್ಪು, ಕಾಳು ಬಿಡಿ. ನಾರು ಹೊಟ್ಟೆಯಲ್ಲಿ ಉಳಿದರೆ ರಾತ್ರಿ 11ಕ್ಕೆ ಶೌಚಾಲಯದ ಸಾಲಿನಲ್ಲಿ ನಿಂತಿರುತ್ತೀರಿ. ಓಟದ ದಿನ ಮಧ್ಯಾಹ್ನ 12ಕ್ಕೆ ಅನ್ನ, ತಿಳಿಸಾರು, ಸ್ವಲ್ಪ ಮೊಸರು. 4 ಗಂಟೆಗೆ ಎರಡು ಇಡ್ಲಿ ಅಥವಾ ಬ್ರೆಡ್-ಜಾಮ್. ಚಟ್ನಿ ಬೇಡ.

ಕೇಳಿದವರು

ಗಂಟೆಗೆ 40-60 ಗ್ರಾಂ ಅಂದರೆ ತಟ್ಟೆಯಲ್ಲಿ ಎಷ್ಟು? ಓಟಗಾರರು ಹೀರುವ ಸಿಹಿ ಜೆಲ್ ನನಗೆ ಒಗ್ಗುವುದಿಲ್ಲ.

ಶಿವಮೊಗ್ಗದಿಂದ

ಜೆಲ್ ಬೇಡವೇ ಬೇಡ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಗ್ಲೂಕೋಸ್ ಪುಡಿ, ಕಾಲು ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು, ಅರ್ಧ ನಿಂಬೆಹಣ್ಣು. ಜೊತೆಗೆ ಮಧ್ಯಮ ಗಾತ್ರದ ಒಂದು ಬಾಳೆಹಣ್ಣು, ಅದು 25 ಗ್ರಾಂ. ಅಲ್ಲಿಗೆ ಒಂದು ಗಂಟೆ ಮುಗಿಯಿತು. ಬಾಳೆಹಣ್ಣು ಬೇಸರವಾದಾಗ ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ 150 ಗ್ರಾಂ, ಅಥವಾ ಒಂದು ಬಟ್ಟಲು ಮೆತ್ತಗೆ ಕಲಸಿದ ಅನ್ನ, ಇದು ಸುಮಾರು 40 ಗ್ರಾಂ. ರಾತ್ರಿ 10ಕ್ಕೆ ಮೊಸರನ್ನ ಚೆನ್ನಾಗಿ ಇಳಿಯುತ್ತದೆ. 1 ಗಂಟೆಯ ನಂತರ ಮೊಸರು ಹುಳಿತೇಗು ತರಿಸುವುದುಂಟು, ಆಗ ಫ್ಲಾಸ್ಕಿನ ಬಿಸಿ ತಿಳಿಸಾರಿಗೆ ಅನ್ನ ಹಿಸುಕಿ ಕುಡಿಯಿರಿ. ಸಿಹಿ ತಿಂದು ತಿಂದು ನಾಲಿಗೆ ಸೋತಿರುವ ಹೊತ್ತಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಕಡ್ಲೆಬೀಜದ ಚಿಕ್ಕಿ ಮೊದಲ ನಾಲ್ಕು ಗಂಟೆಗೆ ಸರಿ, ಆಮೇಲೆ ಎಣ್ಣೆಯಂಶ ಹೊಟ್ಟೆಯಲ್ಲಿ ಕೂರುತ್ತದೆ.

ವಾಂತಿ ಬರುವಂತಾದರೆ ಕಾರಣ ಹೆಚ್ಚಾಗಿ ಒಂದೇ: ವೇಗ ಜಾಸ್ತಿ ಇದ್ದು ರಕ್ತವೆಲ್ಲ ಕಾಲಿಗೆ ಹೋಗಿದೆ, ಹೊಟ್ಟೆಯಲ್ಲಿ ಸಕ್ಕರೆ ಗಟ್ಟಿಯಾಗಿ ನಿಂತಿದೆ. 20 ನಿಮಿಷ ನಡೆಯಿರಿ, ಸಿಹಿ ನಿಲ್ಲಿಸಿ, ಬರೀ ನೀರಿನ ಸಣ್ಣ ಗುಟುಕು. ವಾಂತಿ ಆಗಿಯೇ ಹೋದರೆ ಹತ್ತು ನಿಮಿಷ ಬಿಟ್ಟು, ಐದು ನಿಮಿಷಕ್ಕೆ ಎರಡು ಗುಟುಕು ಓಆರ್‌ಎಸ್. ಅದು ಹೊಟ್ಟೆಯಲ್ಲಿ ಉಳಿದರೆ ಮುಂದುವರಿಯಿರಿ.

ಮಂಗಳೂರಿನಿಂದ (ಫಿಸಿಯೋಥೆರಪಿಸ್ಟ್)

ಸಿಂಥೆಟಿಕ್ ಟ್ರ್ಯಾಕ್ ಮೆತ್ತಗಿದೆ ಅಂತ ನಂಬಬೇಡಿ. ಒಂದೇ ದಿಕ್ಕಿನ ತಿರುವು ನೂರಾರು ಸಲ ಬಂದಾಗ ಒಳಬದಿಯ ಕಾಲಿನ ಪಾದ ಮತ್ತು ಮಂಡಿಯ ಹೊರಬದಿ ಕೂಗುತ್ತವೆ. ಆಯೋಜಕರು ಕೆಲವು ಗಂಟೆಗೊಮ್ಮೆ ದಿಕ್ಕು ಬದಲಿಸುವುದು ಅದಕ್ಕೇ. ತರಬೇತಿಯ ಕೊನೆಯ ಆರು ವಾರದಲ್ಲಿ ಒಂದು ಓಟ ಟ್ರ್ಯಾಕ್ ಮೇಲೆ ಇರಲಿ, ಎರಡೂ ದಿಕ್ಕಿನಲ್ಲಿ.

ಬೂಟು ದಿನನಿತ್ಯದ್ದಕ್ಕಿಂತ ಅರ್ಧ ಸೈಜ್ ದೊಡ್ಡದು, ಪಾದ ಊದುತ್ತದೆ. ಲೇಸು ಮೂರು ಗಂಟೆಗೊಮ್ಮೆ ಸಡಿಲಿಸಿ. ಪಾದದ ಮೇಲ್ಭಾಗದಲ್ಲಿ, ಕಣಕಾಲಿನ ಮುಂದೆ ಉರಿಯುವ ನೋವು ಬಂದರೆ ಹೆಚ್ಚಿನ ಸಲ ಅದು ಲೇಸಿನ ಒತ್ತಡ. ನೋವಿರುವ ಜಾಗದ ಅಡ್ಡ ಲೇಸು ಬಿಟ್ಟು ಮೇಲಿನ ತೂತಿಗೆ ಹಾಕಿ. ಹತ್ತಿಯ ಕಾಲುಚೀಲ ಖಂಡಿತ ಬೇಡ, ಬೆವರು ಹಿಡಿದು ಗುಳ್ಳೆ ಎಬ್ಬಿಸುತ್ತದೆ. ಉಗುರು ನಾಲ್ಕು ದಿನ ಮೊದಲೇ ಕತ್ತರಿಸಿ.

ವ್ಯಾಸಲೀನನ್ನು ತೊಡೆಸಂದು, ಕಂಕುಳು, ಬೆರಳಸಂದಿಗೆ ಧಾರಾಳವಾಗಿ ಹಚ್ಚಿ, ನಾಲ್ಕು ಗಂಟೆಗೊಮ್ಮೆ ಮತ್ತೆ. ತೆಂಗಿನೆಣ್ಣೆ ಒಂದು ಗಂಟೆಯೂ ನಿಲ್ಲುವುದಿಲ್ಲ. ಗಂಡಸರು ಮೊಲೆತೊಟ್ಟಿಗೆ ಮೈಕ್ರೋಪೋರ್ ಟೇಪ್ ಅಂಟಿಸಿ, ವ್ಯಾಸಲೀನ್ ಹಚ್ಚುವ ಮೊದಲು. ಆಮೇಲೆ ಟೇಪ್ ಹಿಡಿಯುವುದಿಲ್ಲ. ಪಾದದಲ್ಲಿ ಬಿಸಿ ಅನ್ನಿಸಿದ ಕೂಡಲೇ ನಿಂತು ಟೇಪ್ ಹಾಕಿ, ಎರಡು ನಿಮಿಷದ ಕೆಲಸ. ಗುಳ್ಳೆಯಾದ ಮೇಲೆ ಹದಿನೈದು ನಿಮಿಷ: ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ, ನೀರು ಒತ್ತಿ ತೆಗೆದು, ಚರ್ಮ ಕೀಳದೆ ಟೇಪ್.

ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಜೇಬಿನಲ್ಲೂ ಇರಬಾರದು. ನೀರು ಕಡಿಮೆಯಾದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಹೋಗುವ ರಕ್ತ ತಗ್ಗಿಸುತ್ತವೆ, ಜೊತೆಗೆ ಸ್ನಾಯು ಒಡೆದ ಕಸವೂ ಅಲ್ಲಿಗೇ ಬರುತ್ತಿರುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಓಟ ಅಲ್ಲಿಗೆ ಮುಗಿಯಿತು, ನೇರ ಆಸ್ಪತ್ರೆ.

ಸಿಂಗಪುರದಿಂದ

ನಿದ್ದೆಯ ಲೆಕ್ಕ ಓಟದ ರಾತ್ರಿಗೆ ಶುರುವಾಗುವುದಲ್ಲ. ಹಿಂದಿನ ಒಂದು ವಾರ ದಿನಕ್ಕೆ ಒಂದು ಗಂಟೆ ಹೆಚ್ಚು ಮಲಗಿ. ಆ ದಿನ ಮಧ್ಯಾಹ್ನ 1ರಿಂದ 3ರೊಳಗೆ ತೊಂಬತ್ತು ನಿಮಿಷ ಕತ್ತಲೆ ಕೋಣೆಯಲ್ಲಿ. ನಿದ್ದೆ ಬರದಿದ್ದರೂ ಬಿದ್ದುಕೊಂಡಿರಿ, ಫೋನ್ ಮುಟ್ಟಬೇಡಿ.

ದೇಹದ ಉಷ್ಣತೆ ತೀರಾ ಇಳಿಯುವುದು ಬೆಳಗಿನ ಜಾವ 4-5ರ ಹೊತ್ತಿಗೆ. 2ರಿಂದ 5ರವರೆಗೆ ಮನಸ್ಸು ಏನು ಹೇಳಿದರೂ ಅದನ್ನು ತೀರ್ಪು ಅಂತ ಒಪ್ಪಬೇಡಿ. ಕಾಫಿಯನ್ನು ಅದಕ್ಕಾಗಿ ಉಳಿಸಿಡಿ: ಸಂಜೆ ಬೇಡ, 1 ಗಂಟೆಗೆ ಅರ್ಧ ಲೋಟ, 2.30ಕ್ಕೆ ಅರ್ಧ, 4ಕ್ಕೆ ಅರ್ಧ. ನಿಮ್ಮ ತೂಕಕ್ಕೆ ರಾತ್ರಿಯಿಡೀ ಸೇರಿ 200 ಮಿ.ಗ್ರಾಂ ಕೆಫೀನ್ ಸಾಕು. ಹಾಲು ಹಾಕಬೇಡಿ. ವಾರ ಮೊದಲೇ ಕಾಫಿ ಪೂರ್ತಿ ಬಿಡಿ ಅನ್ನುವವರ ಮಾತು ಕೇಳಬೇಡಿ, ತಲೆನೋವೇ ಲಾಭ.

ಮೈಸೂರಿನಿಂದ

ಮಧ್ಯೆ 20 ನಿಮಿಷ ಮಲಗುವುದರ ಬಗ್ಗೆ? 12 ಗಂಟೆಯ ಓಟದಲ್ಲಿ ಅದು ಬೇಡ ಅನ್ನುತ್ತೇನೆ. ಎದ್ದಾಗ ಸೊಂಟ ಕಟ್ಟಿಕೊಂಡಿರುತ್ತದೆ.

ಸಿಂಗಪುರದಿಂದ

ಓಟ ಓಲಾಡುವ ಮಟ್ಟಕ್ಕೆ ಹೋದರೆ 10 ನಿಮಿಷ, ಅಲಾರಂ ಇಟ್ಟು, ಕಾಲು ಕುರ್ಚಿಯ ಮೇಲೆ ಎತ್ತಿ. ಓಲಾಡುತ್ತಾ ನಡೆದ 10 ನಿಮಿಷದಲ್ಲಿ ಸಿಗುವುದು ಎರಡು ಸುತ್ತು ಮಾತ್ರ, ನಷ್ಟ ಅಷ್ಟೇ. ಮಿಕ್ಕಂತೆ ನಿಮ್ಮ ಮಾತು ಒಪ್ಪಿದೆ.

ತುಮಕೂರಿನಿಂದ

ನಿಮ್ಮ ತಮ್ಮನಿಗೆ ಹೇಳಿ: "ಹೇಗಿದ್ದೀಯಣ್ಣ?" ಅಂತ ಕೇಳಬಾರದು, "ಏನು ಬೇಕು?" ಅಂತಲೂ ಕೇಳಬಾರದು. ರಾತ್ರಿ 3ಕ್ಕೆ ಎರಡಕ್ಕೂ ಉತ್ತರ "ಏನೂ ಬೇಡ" ಅಂತಲೇ. ಕೈಗೆ ಕೊಟ್ಟು "ಇದನ್ನ ತಿನ್ನು, ಮುಂದಿನ ಸುತ್ತಿಗೆ ಸಿಪ್ಪೆ ಕೊಡು" ಅನ್ನಬೇಕು. ತಿನ್ನುವುದು ನಡೆಯುವ ಸುತ್ತಿನಲ್ಲಿ, ನಿಂತಲ್ಲಿ ಅಲ್ಲ. ಗಂಟೆಗೆ ಏನು ತಿಂದರು, ಎಷ್ಟು ಕುಡಿದರು, ಮೂತ್ರಕ್ಕೆ ಯಾವಾಗ ಹೋದರು ಅಂತ ಒಂದು ನೋಟ್‌ಬುಕ್. ಕುರ್ಚಿ ಮಡಚಿ ಕಾರಿನಲ್ಲೇ ಇರಲಿ. ಕಾಲಿನ ಕೆಲಸ ಇದ್ದಾಗ ಮಾತ್ರ ತೆರೆಯಬೇಕು. ಸಾಮಾನುಗಳು ಮೂರು ಡಬ್ಬಿಯಲ್ಲಿ: ಬಾಯಿಗೆ, ಕಾಲಿಗೆ, ಮೈಗೆ. ಒಂದೇ ಚೀಲದಲ್ಲಿ ತುಂಬಿದರೆ ಕತ್ತಲಲ್ಲಿ ಟೇಪ್ ಹುಡುಕುವುದರಲ್ಲೇ ಮೂರು ಸುತ್ತು ಹೋಗುತ್ತದೆ. 3 ಗಂಟೆಗೆ ಒಣ ಬನಿಯನ್, ತೆಳು ಜಾಕೆಟ್, ನಡುಕ ಶುರುವಾಗುವ ಮೊದಲೇ.

ಮಾತು ತೊದಲಿದರೆ, ನೇರ ನಡೆಯಲಾಗದಿದ್ದರೆ, ಎದೆನೋವು ಅಂದರೆ ತಮ್ಮನೇ ನಿಲ್ಲಿಸಿ ವೈದ್ಯರ ಹತ್ತಿರ ಕರೆದೊಯ್ಯಬೇಕು. ಆ ಅಧಿಕಾರ ಅವನಿಗಿದೆ ಅಂತ ಇಬ್ಬರೂ ಮೊದಲೇ ಒಪ್ಪಿಕೊಂಡಿರಿ.

ಚಿಕ್ಕಮಗಳೂರಿನಿಂದ

ಟ್ರ್ಯಾಕ್ ಬೇಸರ, ಕಾಫಿ ತೋಟಗಳೊಳಗಿನ ಮಲ್ನಾಡ್ ಅಲ್ಟ್ರಾ ಥರದ ಓಟ ಆದೀತೇ ಅನ್ನುವವರಿಗೆ: ಅಲ್ಲಿ 80 ಕಿ.ಮೀ.ಗೂ ಇಲ್ಲಿಯ 80ಕ್ಕೂ ಸಂಬಂಧವಿಲ್ಲ. ಏರಿಳಿತ, ಕೆಸರು, ಇಂಬಳ (ಜಿಗಣೆ). ಮೊಣಕಾಲವರೆಗಿನ ದಟ್ಟ ನೇಯ್ಗೆಯ ಕಾಲುಚೀಲ, ಅದರ ಮೇಲೆ ನಶ್ಯದ ಪುಡಿ ಉಜ್ಜಿ. ಹಣೆಗೆ ಕಟ್ಟುವ ದೀಪ ಒಂದಲ್ಲ, ಎರಡು. ಮೊದಲ ಸಲ ಟ್ರ್ಯಾಕೇ ಸರಿ, ಶೌಚಾಲಯವೂ ವೈದ್ಯರೂ 400 ಮೀಟರ್ ಒಳಗೆ ಇರುತ್ತಾರೆ.

ಬೆಂಗಳೂರಿನಿಂದ

ಇದನ್ನು ಓದುವ ಹೆಣ್ಣುಮಕ್ಕಳಿಗೆ ಒಂದು ಸೇರಿಸುತ್ತೇನೆ. ಸ್ಪೋರ್ಟ್ಸ್ ಬ್ರಾ ಪಟ್ಟಿ ಬೆನ್ನು, ಪಕ್ಕೆ ಕೊಯ್ಯುವುದು ಐದನೇ ಗಂಟೆಯ ಮೇಲೆ. ಆರು ಗಂಟೆಯ ಅಭ್ಯಾಸದ ಓಟದಲ್ಲಿ ಎಲ್ಲಿ ಕೆಂಪಾಯಿತೋ ಅಲ್ಲಿ ಓಟದ ದಿನ ಮೊದಲೇ ಟೇಪ್. ಮುಟ್ಟಿನ ದಿನ ಬಿದ್ದರೆ ಪ್ಯಾಡ್ ಅಂಚು ತೊಡೆ ಉಜ್ಜುತ್ತದೆ. ಕಪ್ ಬಳಸುವವರು ಎರಡು-ಮೂರು ತಿಂಗಳು ಮೊದಲೇ ರೂಢಿ ಮಾಡಿಕೊಳ್ಳಿ.

ಇನ್ನು ಓಟ ಮುಗಿಯುವ ಗಳಿಗೆ, ಎಲ್ಲರಿಗೂ. ಕೊನೆಯ ನಿಮಿಷಗಳಲ್ಲಿ ನಿಮ್ಮ ಸಂಖ್ಯೆ ಬರೆದ ಸಣ್ಣ ಚೀಲವನ್ನೋ ಬಾವುಟವನ್ನೋ ಕೈಗೆ ಕೊಡುತ್ತಾರೆ. ಸೀಟಿ ಕೂಗಿದಾಗ ನಿಂತಲ್ಲೇ ನೆಲದ ಮೇಲಿಡಿ, ಅರ್ಧ ಸುತ್ತನ್ನೂ ಅಳೆದು ಸೇರಿಸುತ್ತಾರೆ. ಇಟ್ಟ ತಕ್ಷಣ ಮಲಗಬೇಡಿ, ಕಾಲಿನಲ್ಲಿ ರಕ್ತ ನಿಂತು ಕಣ್ಣು ಕತ್ತಲಿಡುತ್ತದೆ. ಐದು ನಿಮಿಷ ಮೆಲ್ಲಗೆ ನಡೆದು, ಬೆಚ್ಚಗೆ ಹೊದ್ದು, ಆಮೇಲೆ ಕುಳಿತುಕೊಳ್ಳಿ. ಮನೆಗೆ ನೀವು ಗಾಡಿ ಓಡಿಸುವಂತಿಲ್ಲ, ರಾತ್ರಿಯಿಡೀ ಎದ್ದಿದ್ದ ತಮ್ಮನೂ ಓಡಿಸುವಂತಿಲ್ಲ. ಟ್ಯಾಕ್ಸಿ ಹೇಳಿ. ಬಿಸಿನೀರು ಮೈಮೇಲೆ ಬಿದ್ದಾಗಲೇ ಉಜ್ಜಿದ ಗಾಯಗಳೆಲ್ಲ ಗೊತ್ತಾಗುವುದು, ಹಾಗಾಗಿ ಸ್ನಾನಕ್ಕೆ ಉಗುರುಬೆಚ್ಚಗಿನ ನೀರು. ಎರಡು ದಿನ ಗಟ್ಟಿ ಮಸಾಜ್ ಬೇಡ, ಹತ್ತು ದಿನ ಓಟ ಬೇಡ, ನಡಿಗೆ ಎಷ್ಟಾದರೂ ಆಗಲಿ.