‘ಕರ್ನಲ್‌ನ ಒಳಗಿನ ಚಾಲಕ’: ಈ ಮಾತಿಗೆ ಬೇರೆ ಪದ ಬೇಕಾಗಿದೆ

ಬಳಗದ ಎಲ್ಲರಿಗೂ ಸೋಮವಾರಪೇಟೆಯ ಕಡೆಯಿಂದ ನಮಸ್ಕಾರ.

ನಮ್ಮೂರಿನ ಗ್ರಂಥಾಲಯದಲ್ಲಿ ನಾಲ್ಕು ಹಳೆಯ ಕಂಪ್ಯೂಟರುಗಳಿವೆ. ಕೆಲವು ವರ್ಷಗಳಿಂದ ಅವು ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆಯಾದ ಡೆಬಿಯನ್ ಲಿನಕ್ಸ್‌ನಲ್ಲಿ ನಡೆಯುತ್ತಿವೆ. ಆ ಕಟ್ಟಡದಲ್ಲಿ ಕೇಬಲ್ ಎಳೆಯುವುದು ಆಗದ ಕೆಲಸವಾದ್ದರಿಂದ ಪ್ರತಿಯೊಂದಕ್ಕೂ ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಸಾಧನ ಬೇಕು. ಇದನ್ನು ನೋಡಿದ ಹಲವರು ತಮ್ಮ ಮನೆಯ ಹಳೆಯ ಯಂತ್ರಕ್ಕೂ ಲಿನಕ್ಸ್ ಹಾಕಿಸಿಕೊಂಡರು. ಬಹುತೇಕ ಎಲ್ಲರೂ ಎಡವಿದ್ದು ವೈಫೈ ವಿಷಯದಲ್ಲೇ. ಯಾವ ಸಾಧನವನ್ನು ಕೊಳ್ಳಬೇಕೆಂದು ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆಯೋಣವೆಂದು ಕುಳಿತೆ. ವಿಷಯ ಗೊತ್ತಿತ್ತು, ಪದಗಳು ಕೈಕೊಟ್ಟವು.

ಕೈಪಿಡಿಯ ಮೊದಲ ವಾಕ್ಯ ಹೀಗಿತ್ತು: ‘ಕರ್ನಲ್‌ನ ಒಳಗೇ ಚಾಲಕ ಇರುವ ಸಾಧನವನ್ನು ಆರಿಸಿಕೊಳ್ಳಿ.’ ಕರಡನ್ನು ಪಕ್ಕದ ಮನೆಯ ನಿವೃತ್ತ ಸುಬೇದಾರರಿಗೆ ಓದಲು ಕೊಟ್ಟೆ. ಅವರು ಕನ್ನಡಕ ತೆಗೆದು, ‘ಮೇಷ್ಟ್ರೇ, ಯಾವ ಕರ್ನಲ್? ಅವರ ಚಾಲಕನಿಗೂ ವೈಫೈಗೂ ಏನು ಸಂಬಂಧ?’ ಎಂದು ಕೇಳಿದರು. ಅವರ ಪ್ರಶ್ನೆ ಸಹಜವಾದದ್ದೇ. ಕಾರ್ಯಪ್ಪ, ತಿಮ್ಮಯ್ಯನವರ ಈ ನಾಡಿನಲ್ಲಿ ಕರ್ನಲ್ ಎಂದರೆ ಸೇನೆಯ ಅಧಿಕಾರಿ, ಚಾಲಕ ಎಂದರೆ ಅವರ ಜೀಪು ಓಡಿಸುವವನು. ನಾನು ಹೇಳಿದ್ದು ಕಾರ್ಯಾಚರಣ ವ್ಯವಸ್ಥೆಯ ನಡುಭಾಗವಾದ ಕರ್ನಲ್ (kernel), ಸಾಧನವನ್ನು ನಡೆಸುವ ತಂತ್ರಾಂಶವಾದ ಚಾಲಕ (driver). ಇಂಗ್ಲಿಷಿನಲ್ಲಿ kernel, colonel ಪದಗಳ ಕಾಗುಣಿತ ಬೇರೆ, ಉಚ್ಚಾರ ಒಂದೇ. ನಮ್ಮ ಲಿಪಿ ಉಚ್ಚಾರವನ್ನೇ ಬರೆಯುವುದರಿಂದ ಕನ್ನಡದ ಪುಟದಲ್ಲಿ ಅವೆರಡೂ ಒಂದೇ ಪದವಾಗಿ ನಿಲ್ಲುತ್ತವೆ.

ಚಾಲಕ ಪದದ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ವಿಭಕ್ತಿ ಹತ್ತಿದ ಕೂಡಲೇ ಗೊಂದಲ ತಾನಾಗಿ ಹೋಗುತ್ತದೆ: ಮನುಷ್ಯನಾದರೆ ಚಾಲಕನನ್ನು, ಚಾಲಕರು, ತಂತ್ರಾಂಶವಾದರೆ ಚಾಲಕವನ್ನು, ಚಾಲಕಗಳು. ಕನ್ನಡದ ಲಿಂಗವ್ಯವಸ್ಥೆ ಇಲ್ಲಿ ನಮ್ಮ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ಕರ್ನಲ್‌ಗೆ ಆ ಅನುಕೂಲವಿಲ್ಲ.

‘ತಿರುಳು’ ಎಂದು ಬರೆಯಬಹುದೆಂದು ಒಬ್ಬರು ಸೂಚಿಸಿದರು. ಕಥೆಯ ತಿರುಳು, ತೆಂಗಿನಕಾಯಿಯ ತಿರುಳು ಎನ್ನುವಾಗ ಅದು ಸರಿಯಾಗಿಯೇ ಕೂರುತ್ತದೆ. ಆದರೆ ಕಾಫಿ ಬೆಳೆಯುವವರ ಕಣ್ಣಿನಿಂದ ನೋಡಿ. ಹಣ್ಣನ್ನು ಪಲ್ಪರ್‌ಗೆ ಹಾಕಿದಾಗ ಹೊರಗೆ ಹೋಗುವುದು ತಿರುಳು, ನಾವು ಉಳಿಸಿಕೊಳ್ಳುವುದು ಬೀಜ. ಇಡೀ ವ್ಯವಸ್ಥೆಯ ಜೀವವಾಗಿರುವ ಭಾಗಕ್ಕೆ ಆ ಹೆಸರು ಕೊಡಲು ನನಗೆ ಮನಸ್ಸು ಬರಲಿಲ್ಲ. ತಂತ್ರಾಂಶ, ಯಂತ್ರಾಂಶಗಳ ಸಾಲಿನಲ್ಲಿ ‘ಮೂಲಾಂಶ’ ಎಂದರೆ ಅದು ಮುಕ್ತ ಮೂಲ ತಂತ್ರಾಂಶದ ‘ಮೂಲ’ಕ್ಕೆ ತಾಗುತ್ತದೆ, ಓದುಗರು ಎರಡನ್ನೂ ಬೆರೆಸಿಕೊಳ್ಳುತ್ತಾರೆ. ಕೊನೆಗೆ ಒಂದು ಸುಲಭ ದಾರಿ ಕಂಡಿತು. ಲಿನಕ್ಸ್ ಎನ್ನುವುದು ನಿಜಕ್ಕೂ ಕರ್ನಲ್‌ನ ಹೆಸರೇ. ಹಾಗಾದರೆ ‘ಲಿನಕ್ಸ್‌ನ ಒಳಗೇ ಇರುವ ಚಾಲಕ’ ಎಂದರೆ ಸಾಕಲ್ಲವೇ? ಗ್ರಂಥಾಲಯದ ಮಟ್ಟಿಗೆ ಸಾಕು. ಆದರೆ ಜನ ಆ ಕರ್ನಲ್ ಸುತ್ತ ಕಟ್ಟಿದ ಡೆಬಿಯನ್, ಉಬುಂಟುಗಳಂಥ ಇಡೀ ವ್ಯವಸ್ಥೆಗಳನ್ನೇ ಲಿನಕ್ಸ್ ಎನ್ನುತ್ತಾರೆ. ಬೇರೆಯೇ ಕರ್ನಲ್ ಇರುವ ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎಂಬ ವ್ಯವಸ್ಥೆಗಳ ಬಗ್ಗೆ ಬರೆಯಬೇಕಾದರೆ ಈ ದಾರಿ ಮುಚ್ಚಿಹೋಗುತ್ತದೆ.

ಇನ್ನು ನನ್ನನ್ನು ನಿಜವಾಗಿ ಕಾಡಿದ ಪದಕ್ಕೆ ಬರುತ್ತೇನೆ: ಬೆಂಬಲ.

ಮೊದಲ ಸಲ ನಾನು ಕೊಂಡ ಸಾಧನದ ಪೆಟ್ಟಿಗೆಯ ಮೇಲೆ ಲಿನಕ್ಸ್ ಬೆಂಬಲವಿದೆ ಎಂಬ ಅರ್ಥದ ಮಾತು ಅಚ್ಚಾಗಿತ್ತು. ಅದು ಸುಳ್ಳಲ್ಲ. ಒಳಗಿದ್ದ ಸಿಡಿಯಲ್ಲಿ ಚಾಲಕದ ಮೂಲ ಕಡತಗಳಿದ್ದವು. ಎರಡು ಸಂಜೆ ಕುಳಿತು ಅದನ್ನು ಕಂಪೈಲ್ ಮಾಡಿ, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ತಂದು, ನಡೆಸಿದೆ. ಒಂದು ಜೂನ್ ತಿಂಗಳಲ್ಲಿ ವ್ಯವಸ್ಥೆಯನ್ನು ಅಪ್‌ಡೇಟ್ ಮಾಡಿದ ಮರುದಿನ ನಾಲ್ಕೂ ಯಂತ್ರಗಳಲ್ಲಿ ವೈಫೈ ಮಾಯ. ಹೊಸ ಕರ್ನಲ್ ಬಂದಿತ್ತು, ಹಳೆಯ ಚಾಲಕ ಅದಕ್ಕೆ ಹೊಂದಲಿಲ್ಲ. ಮತ್ತೆ ಕಂಪೈಲ್ ಮಾಡಲು ಕೆಲವು ಕಡತಗಳನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು, ನೆಟ್ ಬರಲು ಚಾಲಕ ಬೇಕು. ಹೊರಗೆ ಮಳೆ, ಒಳಗೆ ಪರೀಕ್ಷೆಯ ಅರ್ಜಿ ತುಂಬಲು ಬಂದ ಮಕ್ಕಳು. ಕೊನೆಗೆ ನನ್ನ ಮೊಬೈಲನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ನೆಟ್ ಕೊಟ್ಟು ಆ ದಿನ ಕಳೆದೆವು.

ಬೆಂಬಲ ಎಂದರೆ ಬೆನ್ನಿನ ಹಿಂದೆ ನಿಂತ ಬಲ. ಆ ಅರ್ಥವನ್ನು ಗಟ್ಟಿಯಾಗಿ ಹಿಡಿದರೆ ಪೆಟ್ಟಿಗೆಯ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ: ಯಾರ ಬಲ? ಚಾಲಕ ಕರ್ನಲ್‌ನ ಒಳಗೇ ಇದ್ದರೆ, ಕರ್ನಲ್‌ನ ಒಳರಚನೆ ಬದಲಾದಾಗ ಅದನ್ನು ಬದಲಿಸಿದವರೇ ಚಾಲಕವನ್ನೂ ತಿದ್ದುತ್ತಾರೆ. ಅಲ್ಲಿ ಬೆನ್ನ ಹಿಂದೆ ಜನರಿದ್ದಾರೆ. ಸಿಡಿಯಲ್ಲಿ ಬಂದ ಚಾಲಕದ ಹಿಂದೆ, ಅದನ್ನು ಅಚ್ಚುಹಾಕಿದ ದಿನದ ನಂತರ ಯಾರೂ ಇಲ್ಲದಿರಬಹುದು. ಈ ಎರಡನ್ನೂ ನಾವು ‘ಬೆಂಬಲವಿದೆ’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಿದ್ದೇವೆ. ಕೊಳ್ಳುವವರ ದುಡ್ಡು ಪೋಲಾಗುವುದು ಇಲ್ಲೇ.

ಆದ್ದರಿಂದ ಒಂದು ಜೋಡಿ ಪದ ಬೇಕು. ‘ಒಳಗಿನ ಚಾಲಕ, ಹೊರಗಿನ ಚಾಲಕ’ ಎಂದರೆ ಒಳಗೆ ಎಂದದ್ದು ಸಾಧನದ ಒಳಗೋ ಕರ್ನಲ್‌ನ ಒಳಗೋ ತಿಳಿಯುವುದಿಲ್ಲ. ಕರ್ನಲ್‌ನ ಹೊರಗಿನಿಂದ ಬಂದದ್ದಕ್ಕೆ ‘ಕಸಿ ಚಾಲಕ’ ಎಂದು ಯೋಚಿಸಿದೆ; ಕಿತ್ತಳೆ ಬೆಳೆಯುವವರಿಗೆ ಕಸಿ ಗೊತ್ತು. ಆದರೆ ಕಸಿ ಒಮ್ಮೆ ಹಿಡಿದರೆ ಮರದ ಭಾಗವೇ ಆಗಿಬಿಡುತ್ತದೆ, ಇಲ್ಲಿ ಹಾಗಾಗುವುದಿಲ್ಲ. ಆಮೇಲೆ ಹೊಳೆದದ್ದು ‘ಬಳ್ಳಿ ಚಾಲಕ’. ಕಾಳುಮೆಣಸಿನ ಬಳ್ಳಿ ಮರಕ್ಕೆ ಹಬ್ಬಿರುತ್ತದೆ, ಮರದ್ದಲ್ಲ. ಬೆಳೆದಂತೆ ಮತ್ತೆ ಮತ್ತೆ ಕಟ್ಟಬೇಕು. ಮರ ಬದಲಾದರೆ ಬಳ್ಳಿಯೂ ನೆಲಕ್ಕೆ. ಪ್ರತಿ ಹೊಸ ಕರ್ನಲ್ ಬಂದಾಗ ಚಾಲಕವನ್ನು ತಾನೇ ಮರಳಿ ಕಂಪೈಲ್ ಮಾಡುವ ಡಿಕೆಎಂಎಸ್ ಎಂಬ ವ್ಯವಸ್ಥೆ ಇದೆ, ಅದು ಬಳ್ಳಿ ಕಟ್ಟುವ ಆಳಿನ ಹಾಗೆ. ಆದರೆ ಒಳರಚನೆಯೇ ಬದಲಾದಾಗ ಆ ಆಳೂ ಕೈಚೆಲ್ಲುತ್ತಾನೆ. ಸುಬೇದಾರರಿಗೆ ಇದನ್ನು ಹೇಳಿದಾಗ ಎರಡನೆಯ ಪ್ರಶ್ನೆ ಬರಲಿಲ್ಲ. ಆದರೆ ಗದಗ, ರಾಯಚೂರಿನ ಓದುಗರಿಗೆ ಈ ಪದ ಹೊಳೆಯುತ್ತದೆಯೇ? ಅಲ್ಲಿಯವರು ದಯವಿಟ್ಟು ತಿಳಿಸಬೇಕು.

ಒಂದು ತೊಡಕು ಉಳಿದಿದೆ. ಈ ಭೇದ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಮೀಡಿಯಾಟೆಕ್‌ನ ಎಂಟಿ7921ಎಯು ಚಿಪ್‌ನ ಚಾಲಕ ಕರ್ನಲ್ ಸೇರಿದ್ದು 2022ರಲ್ಲಿ, ಅದರ 5.18ನೆಯ ಆವೃತ್ತಿಯಲ್ಲಿ. ಡೆಬಿಯನ್ 11ರ ಕರ್ನಲ್ 5.10, ಅಲ್ಲಿ ಅದಿಲ್ಲ. ಡೆಬಿಯನ್ 12ರ ಕರ್ನಲ್ 6.1, ಅಲ್ಲಿದೆ. ಹಾಗಾಗಿ ಕೈಪಿಡಿಯಲ್ಲಿ ‘5.18ರಿಂದ ಒಳಗಿದೆ’ ಎಂದು ‘ಇಂದ’ ಪ್ರತ್ಯಯವನ್ನು ಹಚ್ಚಿಯೇ ಬರೆಯುತ್ತಿದ್ದೇನೆ. ‘ಆವೃತ್ತಿ’ ಪದವೂ ಹೀಗೆಯೇ ಎರಡು ಹೊರೆ ಹೊತ್ತಿದೆ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಸಾಧನದ ಮೊದಲ ಆವೃತ್ತಿಯಲ್ಲಿ ಅಥೆರಾಸ್‌ನ ಎಆರ್9271 ಚಿಪ್ ಇದೆ, ಲಿನಕ್ಸ್‌ಗೆ ಬಹಳ ಚೆನ್ನಾಗಿ ಒಗ್ಗುವಂಥದ್ದು. ಎರಡನೆಯದರಿಂದ ಒಳಗಿನ ಚಿಪ್ ರಿಯಲ್‌ಟೆಕ್‌ನದು. ಹೊರಗೆ ಹೆಸರು ಒಂದೇ. ಇಲ್ಲಿ ಆವೃತ್ತಿ ಎಂದರೆ ಯಂತ್ರಾಂಶದ್ದು, ಕರ್ನಲ್‌ನ ಆವೃತ್ತಿ ತಂತ್ರಾಂಶದ್ದು. ಯಂತ್ರಾಂಶಕ್ಕೆ ‘ಎರಕ’ ಎಂದರೆ ಹೇಗೆ? ಎರಡನೆಯ ಎರಕ, ಮೂರನೆಯ ಎರಕ. ನನಗೆ ಇದು ಹಿಡಿಸಿದೆ.

ಸಾಧನದ ಚಿಪ್‌ನಲ್ಲೇ ನಡೆಯುವ ತಂತ್ರಾಂಶಕ್ಕೆ ಇರುವ ಫರ್ಮ್‌ವೇರ್ ಪದಕ್ಕೆ ‘ಸ್ಥಿರಾಂಶ’ ಎಂದು ಹೊಸೆಯಬಹುದು, ಆದರೆ ನನ್ನ ಒಪ್ಪಿಗೆ ಇಲ್ಲ. ಅನೇಕ ವೈಫೈ ಸಾಧನಗಳಲ್ಲಿ ಅದು ಸಾಧನದೊಳಗೆ ಸ್ಥಿರವಾಗಿ ಇರುವುದೇ ಇಲ್ಲ. ಪ್ರತಿ ಸಲ ಸಿಕ್ಕಿಸಿದಾಗ ಕಂಪ್ಯೂಟರಿನ ಡಿಸ್ಕ್‌ನಿಂದ ಚಿಪ್‌ಗೆ ಹೋಗುತ್ತದೆ. ಆ ಕಡತ ಇಲ್ಲದಿದ್ದರೆ ಚಾಲಕ ಒಳಗಿದ್ದರೂ ಸಾಧನ ಏಳುವುದಿಲ್ಲ. ಇದರ ಸುತ್ತ ತತ್ತ್ವದ ಚರ್ಚೆಯೂ ಇದೆ. ಎಆರ್9271ರ ಫರ್ಮ್‌ವೇರ್‌ನ ಮೂಲವೂ ಮುಕ್ತ. ಬಹುಪಾಲು ಚಿಪ್‌ಗಳದ್ದು ಮುಕ್ತವಲ್ಲ. 2022ರಲ್ಲಿ ಡೆಬಿಯನ್ ಬಳಗ ಮತ ಹಾಕಿ, ಮುಕ್ತವಲ್ಲದ ಫರ್ಮ್‌ವೇರನ್ನೂ ಅಧಿಕೃತ ಅನುಸ್ಥಾಪಕದಲ್ಲಿ (ಇನ್‌ಸ್ಟಾಲರ್) ಸೇರಿಸಲು ಒಪ್ಪಿತು. 2023ರ ಡೆಬಿಯನ್ 12ರಿಂದ ಅದು ಜಾರಿಯಲ್ಲಿದೆ. ಅಂಗಡಿಯಿಂದ ಬಂದ ಸಾಧನ ಸಿಕ್ಕಿಸಿದ ಕೂಡಲೇ ನಡೆಯಲಿ ಎನ್ನುವವರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ನಾನು ಸದ್ಯ ‘ಚಿಪ್‌ಗೆ ತುಂಬುವ ಕಡತ’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ನಿಜ ಹೇಳುತ್ತದೆ.

ಈ ವೈಫೈ ಸಾಧನಕ್ಕೆ ಅಡಾಪ್ಟರ್ ಎಂಬ ಪದವನ್ನು ಕೈಬಿಟ್ಟೆ. ಇಲ್ಲಿ ಅಡಾಪ್ಟರ್ ಕೇಳಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕೊಡುತ್ತಾರೆ. ಬರೀ ಡಾಂಗಲ್ ಎಂದರೆ ಸಿಮ್ ಹಾಕುವ ಹಳೆಯ ನೆಟ್ ಸಾಧನ ಮೇಜಿಗೆ ಬರುತ್ತದೆ. ‘ವೈಫೈ ಡಾಂಗಲ್’ ಎಂದು ಎರಡೂ ಪದ ಸೇರಿಸಿ ಕೇಳಿದರೆ ಸರಿಯಾದದ್ದು ಸಿಗುತ್ತದೆ.

ಕೈಪಿಡಿ ಮುಂದಿನ ವಾರ ಮಡಿಕೇರಿಯಲ್ಲಿ ಅಚ್ಚಿಗೆ ಹೋಗಬೇಕು. ಮೊದಲ ವಾಕ್ಯ ಈಗ ಹೀಗಿದೆ: ‘ಪೆಟ್ಟಿಗೆಯ ಹೆಸರು ನೋಡಬೇಡಿ, ಒಳಗಿನ ಚಿಪ್ ಯಾವುದು, ಎಷ್ಟನೆಯ ಎರಕ ಎಂದು ಕೇಳಿ, ಅದರ ಚಾಲಕ ನಿಮ್ಮ ಲಿನಕ್ಸ್‌ನ ಒಳಗೇ ಇದ್ದರೆ ಕೊಳ್ಳಿ, ಬಳ್ಳಿ ಚಾಲಕವಾದರೆ ಬಿಡಿ.’ ಕರ್ನಲ್‌ಗೆ ಒಂದು ಪದವನ್ನೂ, ಬಳ್ಳಿ ಚಾಲಕ ಸಲ್ಲದೆಂದಾದರೆ ಅದಕ್ಕೊಂದು ಬದಲಿಯನ್ನೂ ಶುಕ್ರವಾರದೊಳಗೆ ಯಾರಾದರೂ ಕೊಟ್ಟರೆ ತಿದ್ದಿ ಕಳುಹಿಸುತ್ತೇನೆ.